ಒಂಟಿ ಓ, ಜೋಡಿ ಓ: ಲೂಸ್ ಅನ್ನೋ ಸ್ಪೆಲಿಂಗ್ ಇನ್ನೊಂದ್ಸಲ ತಪ್ಪದ ಹಾಗೆ ಮಾಡ್ಕೊಳ್ಳೋದು ಹೇಗೆ

ಮೂರ್ನಾಲ್ಕು ವರ್ಷದ ಹಿಂದೆ ಒಂದಿನ ಹೊಟ್ಟೆ ಕೆಟ್ಟು ರಾತ್ರಿಯೆಲ್ಲಾ ಮಂಚಕ್ಕೂ ಬಾತ್‌ರೂಮಿಗೂ ಓಡಾಡಿ, ಬೆಳಿಗ್ಗೆ ಆರು ಗಂಟೆಗೆ ಅರ್ಧ ಕಣ್ಣು ಮುಚ್ಕೊಂಡೇ ಮ್ಯಾನೇಜರಿಗೆ ಲೀವ್ ಮೇಲ್ ಹಾಕ್ದೆ, ಸಫರಿಂಗ್ ಫ್ರಮ್ ಲೂಸ್ ಮೋಷನ್ ಅಂತ. ಆದ್ರೆ ಆ ಲೂಸ್‌ಗೆ ಎಲ್-ಓ-ಎಸ್-ಇ ಅಂತ ಒಂದೇ ಓ ಹಾಕಿದ್ದೆ. ಯಾಕೆ ಒಂದೇ ಓ ಅಂದ್ರೆ ಅದರ ಹಿಂದಿನ ವಾರ ತಾನೇ ಒಂದು ಮೇಲಲ್ಲಿ ವೀ ಡೋಂಟ್ ವಾಂಟ್ ಟು ಲೂಸ್ ದಿಸ್ ಕ್ಲೈಂಟ್ ಅಂತ ಎರಡು ಓ ಹಾಕಿ ಬರ್ದು ಎಲ್ಲರ ಮುಂದೆ ಬೈಸ್ಕೊಂಡಿದ್ದೆ, ಅವತ್ತಿಂದ ಸಹವಾಸವೇ ಬೇಡ ಅಂತ ಎಲ್ಲಾ ಕಡೆ ಒಂದೇ ಓ ಹಾಕೋಕೆ ಶುರು ಮಾಡಿದ್ದೆ. ಮ್ಯಾನೇಜರ್ ರಿಪ್ಲೈ ಬಂತು, ಲೀವ್ ಅಪ್ರೂವ್ಡ್, ಆದ್ರೆ ನೀನು ಬರ್ದಿರೋ ಪ್ರಕಾರ ನಿಂಗೆ ಮೋಷನ್ನೇ ಕಳೆದೋಗಿದೆ, ಅದಕ್ಕೆ ಬೇರೆ ಮಾತ್ರೆ ಕಣಪ್ಪಾ, ಬಾಳೆಹಣ್ಣು ತಿನ್ನು ಅಂತ.

ಅವತ್ತು ಮಲ್ಕೊಂಡಲ್ಲೇ ಕೂತು ಇದನ್ನ ಒಂದ್ಸಲ ಸರಿಯಾಗಿ ತಿಳ್ಕೊಂಡ್ಬಿಡೋಣ ಅಂತ ಹೊರಟೆ, ಆಮೇಲೆ ಗೊತ್ತಾಗಿದ್ದನ್ನೆಲ್ಲಾ ಇಲ್ಲಿ ಬರೀತಿದೀನಿ. ಮುಂಚೆನೇ ಒಂದು ಮಾತು, ಈ ತಪ್ಪು ಇಂಗ್ಲಿಷ್ ಬರ್ದೇ ಇರೋರು ಮಾಡೋ ತಪ್ಪು ಅಂತ ಅನ್ಕೋಬೇಡಿ. ಇಂಗ್ಲೆಂಡಲ್ಲಿ ಅಮೆರಿಕಾದಲ್ಲಿ ಹುಟ್ಟಿ ಬೆಳೆದೋರೂ ದಿನಾ ಮಾಡ್ತಾರೆ. ಅವರು ತಪ್ಪು ಮಾಡೋಕೆ ಅವರ ಕಾರಣ, ನಾವು ತಪ್ಪು ಮಾಡೋಕೆ ನಮ್ಮದೇ ಎರಡು ಕಾರಣ ಬೇರೆ ಇದೆ, ಆ ಎರಡು ಗೊತ್ತಾದ್ರೆ ಅರ್ಧ ಕೆಲಸ ಆಯ್ತು.

ಮೊದಲು ಹೆಸರಿಟ್ಕೊಳ್ಳೋಣ, ಇಲ್ಲಾಂದ್ರೆ ಬರೀ ಲೂಸು ಲೂಸು ಅಂತ ಹೇಳಿ ನಾನೂ ಲೂಸಾಗ್ತೀನಿ ನೀವೂ ಆಗ್ತೀರ. ಎಲ್-ಓ-ಎಸ್-ಇ ಅನ್ನೋದನ್ನ ಒಂಟಿ ಓ ಅನ್ನೋಣ. ಅದು ಕ್ರಿಯಾಪದ, ಅರ್ಥ ಎರಡು, ಕಳ್ಕೊಳ್ಳೋದು ಮತ್ತೆ ಸೋಲೋದು. ಎಲ್-ಓ-ಓ-ಎಸ್-ಇ ಅನ್ನೋದನ್ನ ಜೋಡಿ ಓ ಅನ್ನೋಣ. ಅದು ಹೆಚ್ಚಾಗಿ ವಿಶೇಷಣ, ಅರ್ಥ ಸಡಿಲ, ಬಿಗಿ ಇಲ್ಲದ್ದು, ಕಟ್ಟಿಲ್ಲದ್ದು. ವ್ಯತ್ಯಾಸ ಇಷ್ಟೇ. ಗೊತ್ತಿದ್ರೂ ಬೆರಳು ಯಾಕೆ ತಪ್ಪುತ್ತೆ ಅನ್ನೋದೇ ವಿಷಯ.

ನಮ್ಮ ಮೊದಲನೇ ಕಾರಣ ಕಂಗ್ಲಿಷ್ ಟೈಪಿಂಗು. ನಾವು ಮೊಬೈಲಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಹೊಡೀತೀವಲ್ಲ, ಅಲ್ಲಿ ಊಟ ಆಯ್ತಾ ಅಂತ ಕೇಳೋಕೆ ಓ-ಓ-ಟಿ-ಎ ಅಂತ ಹೊಡೀತೀವಿ, ಊರು ಅಂದ್ರೆ ಓ-ಓ-ಆರ್-ಯು, ಹೂವು ಅಂದ್ರೆ ಎಚ್ ಆದ್ಮೇಲೆ ಎರಡು ಓ, ನೂರು ರೂಪಾಯಿ ಕಳ್ಸು ಅನ್ನೋದ್ರಲ್ಲಿ ಒಂದೇ ಸಾಲಿಗೆ ನಾಲ್ಕು ಓ ಹೋಗುತ್ತೆ. ವರ್ಷಗಟ್ಟಲೆ ಹಿಂಗೆ ಹೊಡ್ದು ಹೊಡ್ದು ನಮ್ಮ ಹೆಬ್ಬೆರಳಿಗೆ ಊಕಾರ ಕೇಳಿಸಿದ ತಕ್ಷಣ ಎರಡು ಓ ಒತ್ತೋ ಅಭ್ಯಾಸ ಆಗ್ಬಿಟ್ಟಿದೆ. ಹಂಗಾಗಿ ತಲೆ ಲೂ ಅಂದ ಕೂಡ್ಲೇ ಬೆರಳು ಎಲ್-ಓ-ಓ ಅಂತ ಹೊಡ್ದಾಗಿರುತ್ತೆ, ತಲೆ ಇನ್ನೂ ಅರ್ಥ ಯೋಚನೆ ಮಾಡೋಷ್ಟ್ರಲ್ಲಿ. ಅಂದ್ರೆ ತಪ್ಪು ಮಾಡ್ತಿರೋದು ಇಂಗ್ಲಿಷ್ ಬರ್ದೇ ಇರೋ ತಲೆ ಅಲ್ಲ, ಕನ್ನಡ ಚೆನ್ನಾಗಿ ಬರೋ ಬೆರಳು.

ಎರಡನೇ ಕಾರಣ ಉಚ್ಚಾರಣೆ, ಇದು ಇನ್ನೂ ಮುಖ್ಯ. ಇಂಗ್ಲಿಷಲ್ಲಿ ಈ ಎರಡು ಪದ ಒಂದೇ ಥರ ಕೇಳಿಸೋದೇ ಇಲ್ಲ. ಜೋಡಿ ಓ ಪದ ಲೂಸ್, ಕೊನೇಲಿ ಸ್. ಒಂಟಿ ಓ ಪದ ಲೂಜ಼್, ಕೊನೇಲಿ ಜ಼್, ಆ ಜ ಕೆಳಗೆ ಚುಕ್ಕಿ ಇಟ್ಟು ಬರೀತಾರಲ್ಲ ಅದು. ಕನ್ನಡದಲ್ಲಿ ಆ ಜ಼್ ಸದ್ದೇ ಇಲ್ಲ, ಅದಕ್ಕೆ ನಾವು ಜೂ ಅಂತೀವಿ, ಜೀಬ್ರಾ ಅಂತೀವಿ, ಪಿಜ್ಜಾ ಅಂತೀವಿ, ಸಾಲದ್ದಕ್ಕೆ ಪದದ ಕೊನೇಲಿ ಬಂದ್ರೆ ಜ ಕೂಡ ಮಾಡಲ್ಲ, ಸೀದಾ ಸ ಮಾಡ್ಬಿಡ್ತೀವಿ. ಹಂಗಾಗಿ ನಮ್ಮ ಬಾಯಲ್ಲಿ ಎರಡೂ ಲೂಸೇ. ಕಿವಿಗೆ ಎರಡೂ ಒಂದೇ ಆದ್ಮೇಲೆ ಸ್ಪೆಲಿಂಗ್ ನೆನಪಿಟ್ಕೊಳ್ಳೋಕೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಮನೇಲಿ ಉರ್ದು ಮಾತಾಡೋ ನಮ್ಮ ಫ್ರೆಂಡ್ ಒಬ್ಬನಿಗೆ ಈ ಕನ್‌ಫ್ಯೂಷನ್ನೇ ಇಲ್ಲ, ಅವನ ಬಾಯಿಗೆ ಜ಼ ಚಿಕ್ಕೋನಿದ್ದಾಗಿಂದ ಬರುತ್ತೆ, ಎರಡೂ ಬೇರೆ ಬೇರೆ ಪದ ಅಂತಾನೇ ಕೇಳಿಸುತ್ತೆ ಅವನಿಗೆ.

ಇದನ್ನ ಬಾಯಿಗೆ ಕೂರಿಸೋದು ಹೇಗೆ ಅಂದ್ರೆ, ಗಂಟಲ ಮೇಲೆ ಎರಡು ಬೆರಳಿಟ್ಕೊಳ್ಳಿ. ಸ್ಸ್ಸ್ ಅಂತ ಎಳೀರಿ, ಗಂಟಲು ಅಲ್ಲಾಡಲ್ಲ, ಬರೀ ಗಾಳಿ. ಈಗ ನಾಲಿಗೆ ಅಲ್ಲೇ ಇರ್ಲಿ, ಕದಲಿಸ್ಬೇಡಿ, ಅದರ ಜೊತೆಗೆ ಸ್ವರ ಸೇರ್ಸಿ, ದೊಡ್ಡ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತ್ರೆ ಒಂದೇ ಸಮ ಸದ್ದು ಬರುತ್ತಲ್ಲ ಆ ಥರ. ಬೆರಳಿಗೆ ಗಂಟಲು ನಡುಗೋದು ಗೊತ್ತಾಗುತ್ತೆ. ಅದೇ ಜ಼್. ನಮ್ಮ ಜ ಹೇಳುವಾಗ ನಾಲಿಗೆ ಮೇಲಕ್ಕೆ ತಾಗಿ ಬಿಡುತ್ತೆ, ಇದ್ರಲ್ಲಿ ತಾಗಲ್ಲ, ಅಷ್ಟೇ ವ್ಯತ್ಯಾಸ. ಆಫೀಸಲ್ಲಿ ಮಾಡ್ಬೇಡಿ, ಪಕ್ಕದೋರು ಬೇರೇನೋ ಅನ್ಕೋತಾರೆ.

ಸದ್ದು ಬಂದ್ಮೇಲೆ ಅದನ್ನ ಅರ್ಥಕ್ಕೆ ಗಂಟು ಹಾಕೋಕೆ ನಾನು ಇಟ್ಕೊಂಡಿರೋದು ಕುಕ್ಕರು. ಕುಕ್ಕರ್ ಗ್ಯಾಸ್ಕೆಟ್ ಲೂಸ್ ಆದ್ರೆ ಏನ್ ಸದ್ದು ಬರುತ್ತೆ? ವಿಷಲ್ ಬರಲ್ಲ, ಸುತ್ತ ಸ್ಸ್ಸ್ ಅಂತ ಹಬೆ ಹೋಗುತ್ತೆ. ಲೂಸ್ ಆಗಿದ್ರೆ ಸ್ಸ್. ಸಡಿಲ ಅನ್ನೋ ಪದವೂ ಸ ಇಂದಾನೇ ಶುರು. ಇವೆರಡು ಸಾಕು ನಂಗೆ.

ಸ್ಪೆಲಿಂಗಿಗೆ ಬಳೆ ಲೆಕ್ಕ. ಕೈ ಸಣ್ಣ, ಬಳೆ ದೊಡ್ಡದು, ಎರಡು ಬಳೆ ಲೂಸಾಗಿ ಆ ಕಡೆ ಈ ಕಡೆ ಓಡಾಡ್ತಿದೆ, ಅದೇ ಜೋಡಿ ಓ, ಗುಂಡುಗುಂಡಗೆ ಎರಡು ಬಳೆ. ಬಸ್ಸಿಳಿಯೋವಾಗ ಒಂದು ಜಾರಿ ಬಿದ್ದೋಯ್ತು, ಈಗ ಉಳಿದಿರೋದು ಒಂದೇ, ಅಂದ್ರೆ ಕಳ್ಕೊಂಡಾಯ್ತು, ಅದು ಒಂಟಿ ಓ. ನಮ್ಮ ಅಕ್ಕನ ಮಗಳಿಗೆ ಇದನ್ನ ಹೇಳ್ಕೊಟ್ಟೆ, ಆರನೇ ಕ್ಲಾಸು, ಅವಳು ಕೇಳಿದ್ದು, ಮಾವ ಎರಡೂ ಬಿದ್ದೋದ್ರೆ ಏನ್ ಬರೀಬೇಕು ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಬರೀವಾಗ ಅನುಮಾನ ಬಂದ್ರೆ ಮಾಡೋ ಟೆಸ್ಟ್ ಇದು. ಆ ಜಾಗದಲ್ಲಿ ಕನ್ನಡದ ಸಡಿಲ ಅನ್ನೋ ಪದ ಹಾಕಿ ನೋಡಿ. ಮೈ ಶರ್ಟ್ ಈಸ್ ಲೂಸ್, ನನ್ನ ಶರ್ಟು ಸಡಿಲ, ಸರಿ ಹೋಯ್ತು, ಜೋಡಿ ಓ. ಡೋಂಟ್ ಲೂಸ್ ಹೋಪ್, ನಂಬಿಕೆ ಸಡಿಲ ಬೇಡ, ಎಲ್ಲೋ ಒಂದು ಕಡೆ ಓಕೆ ಅನ್ಸಿದ್ರೂ ನೀವು ಹೇಳೋಕೆ ಹೊರಟಿದ್ದು ನಂಬಿಕೆ ಕಳ್ಕೋಬೇಡ ಅಂತ ತಾನೇ, ಹಂಗಾದ್ರೆ ಒಂಟಿ ಓ. ಟೆಂಪರ್, ದಾರಿ, ತೂಕ, ಕೂದಲು, ಕೆಲಸ, ದುಡ್ಡು, ಮಾರ್ಕ್ಸು, ಮ್ಯಾಚು, ಟಾಸು, ಕೇಸು, ಎಲೆಕ್ಷನ್ನು, ಇವೆಲ್ಲಾ ಕಳ್ಕೊಳ್ಳೋವು ಇಲ್ಲಾ ಸೋಲೋವು, ಇವುಗಳ ಹಿಂದೆ ಬರೋದು ಯಾವಾಗ್ಲೂ ಒಂಟಿ ಓ. ಜಿಮ್ ಬೋರ್ಡುಗಳಲ್ಲಿ ತೂಕ ಇಳಿಸಿ ಅನ್ನೋಕೆ ಜೋಡಿ ಓ ಹಾಕಿರ್ತಾರೆ, ಅದನ್ನ ಹಂಗೇ ಅರ್ಥ ಮಾಡ್ಕೊಂಡ್ರೆ ತೂಕವನ್ನ ಕಟ್ಟು ಬಿಚ್ಚಿ ಬಿಟ್ಬಿಡಿ ಅಂತಾಗುತ್ತೆ, ನಾಯಿ ಬಿಟ್ಟ ಹಾಗೆ.

ಹೌದು, ಜೋಡಿ ಓ ಕೂಡ ಅಪರೂಪಕ್ಕೆ ಕ್ರಿಯಾಪದ ಆಗುತ್ತೆ, ಅರ್ಥ ಬಿಡೋದು, ಬಾಣ ಬಿಡೋದು, ಕಟ್ಟಿದ್ದನ್ನ ಬಿಚ್ಚಿ ಬಿಡೋದು. ಬಿಲ್ಲು ಬಾಣದ ಕಥೆ ಬರೀತಿಲ್ಲ ಅಂದ್ರೆ ನಿಮಗೆ ಜೀವನದಲ್ಲಿ ಅದರ ಅವಶ್ಯಕತೆ ಬರೋದು ಕಷ್ಟ. ಆದ್ರೆ ಇದರಿಂದ ಒಂದು ತೊಂದರೆ ಇದೆ, ಜೋಡಿ ಓಗೆ ಐಎನ್‌ಜಿ ಸೇರಿಸಿ ಬರೆದ್ರೂ ಅದು ಡಿಕ್ಷನರೀಲಿ ಇರೋ ಪದವೇ, ಹಂಗಾಗಿ ಕಂಪ್ಯೂಟರಿನ ಮಾಮೂಲಿ ಸ್ಪೆಲ್ ಚೆಕ್ ಕೆಂಪು ಗೆರೆ ಎಳೆಯಲ್ಲ. ಗೆರೆ ಬಂದಿಲ್ಲ ಅಂದ್ರೆ ಸರಿ ಇದೆ ಅಂತ ನಾವು ಸೆಂಡ್ ಒತ್ತೋದು. ಈ ಒಂದು ಪದದ ವಿಷಯದಲ್ಲಿ ಕೆಂಪು ಗೆರೆ ನಂಬ್ಕೊಂಡು ಕೂತ್ರೆ ಕೆಟ್ರಿ.

ಇನ್ನು ರೂಪಗಳು. ಒಂಟಿ ಓಗೆ ಹೀ, ಶೀ ಬಂದ್ರೆ ಕೊನೆಗೊಂದು ಎಸ್, ಲೂಜ಼ಸ್, ಅಷ್ಟೇ. ಐಎನ್‌ಜಿ ಸೇರ್ಸುವಾಗ ಕೊನೇ ಇ ಬಿದ್ದೋಗುತ್ತೆ, ಎಲ್-ಓ-ಎಸ್-ಐ-ಎನ್-ಜಿ, ಓ ಒಂದೇ. ಅತಿ ಹೆಚ್ಚು ತಪ್ಪು ಕಾಣೋದು ಇಲ್ಲೇ. ಹಳೇದಾದ್ರೆ ಲಾಸ್ಟ್, ಎಲ್-ಓ-ಎಸ್-ಟಿ. ಲೂಸ್ಡ್ ಅಂತ ಬರ್ದಿರೋದೂ ನೋಡಿದೀನಿ, ಫೋನ್ ಲೂಸ್ಡ್ ಇನ್ ಬಸ್ ಅಂತ, ಫೋನಿಗೆ ಬಸ್ಸಲ್ಲಿ ಹಗ್ಗ ಬಿಚ್ಚಿದ್ರು ಅಂತ ಅರ್ಥ ಬರುತ್ತೆ.

ಲೂಸರ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಜಗಳದಲ್ಲಿ ಬಳಸೋ ಪದ, ಜಗಳದಲ್ಲಿ ಸ್ಪೆಲಿಂಗ್ ತಪ್ಪಿದ್ರೆ ಅರ್ಧ ಜಗಳ ಸೋತಂಗೆ. ಸೋತೋನು ಅನ್ನೋಕೆ ಒಂಟಿ ಓ. ಜೋಡಿ ಓ ಹಾಕಿದ್ರೆ ಅದು ಟೈಟರ್ ಅನ್ನೋದಕ್ಕೆ ಎದುರು ಪದ, ಇನ್ನೂ ಸಡಿಲ ಅಂತ. ಅಂದ್ರೆ ಕ್ರಿಕೆಟ್ ಗಲಾಟೇಲಿ ಎದುರಿನೋನಿಗೆ ಯು ಆರ್ ಎ ಲೂಸರ್ ಅಂತ ಜೋಡಿ ಓ ಹಾಕಿ ಬೈದ್ರೆ ನೀನೊಂದು ಇನ್ನೂ ಸಡಿಲ ಕಣೋ ಅಂದಂಗೆ. ಇಲ್ಲಿ ನಮ್ಮ ಕನ್ನಡದ ಲೂಸು ಬೇರೆ ಅಡ್ಡ ಬರುತ್ತೆ. ಲೂಸಾ ನೀನು, ಲೂಸ್ ಥರ ಆಡ್ಬೇಡ ಅಂತೀವಲ್ಲ, ಅದು ಸೋತೋನು ಅಂತ ಅಲ್ಲ, ತಲೆಯಲ್ಲಿ ಸ್ಕ್ರೂ ಲೂಸ್ ಅನ್ನೋದರ ಲೂಸು, ಹಂಗಾಗಿ ಅದು ಜೋಡಿ ಓನೇ. ಲೂಸ್ ಮಾದ ಯೋಗಿ ಹೆಸರನ್ನ ಇಂಗ್ಲಿಷಲ್ಲಿ ಬರೆಯೋದು ಜೋಡಿ ಓ ಹಾಕಿ, ಅದು ಸರಿ. ಕನ್ನಡದ ಬೈಗುಳ ಆದ್ರೆ ಎರಡು ಓ, ಇಂಗ್ಲಿಷಿನ ಬೈಗುಳ ಆದ್ರೆ ಒಂದು ಓ ಅಂತ ಇಟ್ಕೊಳ್ಳಿ.

ಲಾಸು ಇನ್ನೊಂದು ಗೋಳು. ಲಾಸ್, ಎಲ್-ಓ-ಎಸ್-ಎಸ್, ಇದು ನಾಮಪದ, ನಷ್ಟ. ಕನ್ನಡದಲ್ಲಿ ನಾವು ವ್ಯಾಪಾರದಲ್ಲಿ ಲಾಸ್ ಆಯ್ತು ಅಂತ ದಿನಾ ಹೇಳೋದ್ರಿಂದ ಇದು ಸುಲಭ ಅನ್ಸುತ್ತೆ, ಆದ್ರೆ ಐ ಲಾಸ್ ಮೈ ಪರ್ಸ್ ಅಂತ ಬರೀತಾರೆ, ಆಗಲ್ಲ, ಇದು ಕ್ರಿಯಾಪದವೇ ಅಲ್ಲ. ಹಂಗೇ ಉಲ್ಟಾ, ಹೇರ್ ಲೂಸ್ ಪ್ರಾಬ್ಲಂ, ವೆಯ್ಟ್ ಲೂಸ್ ಟಿಪ್ಸ್ ಅಂತ ಹಾಕ್ತಾರೆ, ಅಲ್ಲಿ ಬೇಕಾಗಿರೋದು ನಾಮಪದ, ಹೇರ್ ಲಾಸ್, ವೆಯ್ಟ್ ಲಾಸ್, ಎರಡು ಎಸ್. ಸಂಬಳದ ಸ್ಲಿಪ್ಪಲ್ಲಿ ಲಾಸ್ ಆಫ್ ಪೇ ಅಂತ ಇರುತ್ತಲ್ಲ, ಅದನ್ನ ನೆನಪಿಟ್ಕೊಳ್ಳಿ, ದುಡ್ಡು ಕಟ್ ಆಗಿರೋ ಜಾಗದ ಸ್ಪೆಲಿಂಗು ಯಾರೂ ಮರೆಯಲ್ಲ. ಇನ್ನು ಅಂಗಡಿಯೋರು ಐ ಸೋಲ್ಡ್ ಇಟ್ ಇನ್ ಲಾಸ್ ಅಂತಾರೆ, ನಷ್ಟದಲ್ಲಿ ಅನ್ನೋದರ ನೇರ ಅನುವಾದ, ಇಂಗ್ಲಿಷಲ್ಲಿ ಅದು ಅಟ್ ಎ ಲಾಸ್. ಅದೇ ಅಟ್ ಎ ಲಾಸ್‌ಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ, ದಿಕ್ಕು ತೋಚ್ತಿಲ್ಲ ಅನ್ನೋ ಅರ್ಥವೂ ಇದೆ, ವಾಕ್ಯ ನೋಡಿ ಗೊತ್ತಾಗುತ್ತೆ.

ಯಾರಾದ್ರೂ ತೀರ್ಕೊಂಡಾಗ ಹಾಕೋ ಮೆಸೇಜಲ್ಲಿ ಮಾತ್ರ ದಯವಿಟ್ಟು ಎರಡು ಸಲ ನೋಡಿ. ಸಾರಿ ಫಾರ್ ಯುವರ್ ಲಾಸ್, ಎರಡು ಎಸ್, ಟಿ ಇಲ್ಲ, ಜೋಡಿ ಓ ಅಂತೂ ಇಲ್ಲವೇ ಇಲ್ಲ. ನಮ್ಮ ನೆಂಟರ ಗುಂಪಲ್ಲಿ ಒಬ್ಬರು ದೊಡ್ಡೋರು ಹೋದಾಗ ಒಬ್ಬ ಹುಡುಗ ಇದನ್ನ ಜೋಡಿ ಓ ಹಾಕಿ ಕಳ್ಸಿದ್ದ, ಅದರ ಕೆಳಗೆ ಇನ್ನೂ ನಾಲ್ಕು ಜನ ಅದನ್ನೇ ಕಾಪಿ ಮಾಡಿ ಹಾಕಿದ್ರು. ಅನುಮಾನ ಇದ್ರೆ ಇಂಗ್ಲಿಷ್ ಯಾಕೆ, ಸುದ್ದಿ ಕೇಳಿ ತುಂಬಾ ಬೇಜಾರಾಯ್ತು, ದೇವರು ಶಕ್ತಿ ಕೊಡ್ಲಿ ಅಂತ ಕನ್ನಡದಲ್ಲಿ ಬರೀರಿ, ಯಾರೂ ಕಮ್ಮಿ ಅನ್ಕೊಳ್ಳಲ್ಲ.

ಸ್ಪೆಲಿಂಗ್ ಸರಿ ಇದ್ರೂ ವಾಕ್ಯ ತಪ್ಪೋ ಜಾಗ ಎರಡಿದೆ, ಎರಡೂ ಕನ್ನಡದಿಂದ ಬಂದಿದ್ದು. ಒಂದು, ಕನ್ನಡದಲ್ಲಿ ಫೋನ್ ಕಳೆದೋಯ್ತು ಅಂತೀವಿ. ತಪ್ಪು ಫೋನಿಂದು, ಅದೇ ಹೋಗಿದ್ದು, ನಾವೇನ್ ಮಾಡೋಕಾಗುತ್ತೆ ಅನ್ನೋ ಥರ. ಅದನ್ನ ಹಂಗೇ ಇಂಗ್ಲಿಷಿಗೆ ಇಳಿಸಿ ಮೈ ಫೋನ್ ಲಾಸ್ಟ್ ಅಂತ ಬರೀತೀವಿ. ಇಂಗ್ಲಿಷಲ್ಲಿ ಕಳ್ಕೊಂಡೋನು ಮುಂದೆ ಬಂದು ನಿಂತ್ಕೋಬೇಕು, ಐ ಲಾಸ್ಟ್ ಮೈ ಫೋನ್. ಇಲ್ಲಾ ಫೋನನ್ನೇ ಮುಂದೆ ಇಡ್ಬೇಕು ಅಂತಿದ್ರೆ ಮೈ ಫೋನ್ ಈಸ್ ಲಾಸ್ಟ್ ಅಥವಾ ಗಾಟ್ ಲಾಸ್ಟ್, ಮಧ್ಯ ಒಂದು ಪದ ಬೇಕೇ ಬೇಕು. ಆ ಈಸ್ ಬಿಟ್ರೆ ಫೋನೇ ಏನೋ ಮ್ಯಾಚ್ ಆಡಿ ಸೋತಂಗಾಗುತ್ತೆ.

ಇನ್ನೊಂದು ಸೋಲಿನ ಲೆಕ್ಕ. ನಾವು ಅವರ ಮೇಲೆ ಸೋತ್ವಿ, ಅವರ ವಿರುದ್ಧ ಸೋತ್ವಿ ಅಂತೀವಿ, ಇಂಗ್ಲಿಷಲ್ಲಿ ಸಾಮಾನ್ಯವಾಗಿ ಯಾರಿಗೆ ಸೋತ್ವಿ ಅಂತ ಬರುತ್ತೆ, ಟು. ಎಷ್ಟರಲ್ಲಿ ಸೋತ್ವಿ ಅನ್ನೋಕೆ ಬೈ. ಪ್ರಾಕ್ಟೀಸಿಗೆ ಬೆಂಗಳೂರಿನೋರಿಗೆ ಉದಾಹರಣೆ ಹುಡುಕ್ಬೇಕಾಗೇ ಇಲ್ಲ, ಆರ್‌ಸಿಬಿ ನಮಗೆ ಅಂತಾನೇ ಕೊಟ್ಟಿದೆ. 2009ರಲ್ಲಿ ಜೋಹಾನ್ಸ್‌ಬರ್ಗ್ ಫೈನಲ್, ಲಾಸ್ಟ್ ಟು ಡೆಕ್ಕನ್ ಚಾರ್ಜರ್ಸ್ ಬೈ 6 ರನ್ಸ್. 2011ರಲ್ಲಿ ಚೆನ್ನೈಯಲ್ಲಿ, ಲಾಸ್ಟ್ ಟು ಚೆನ್ನೈ ಬೈ 58 ರನ್ಸ್. 2016ರಲ್ಲಿ ನಮ್ಮದೇ ಚಿನ್ನಸ್ವಾಮೀಲಿ, ಲಾಸ್ಟ್ ಟು ಸನ್‌ರೈಸರ್ಸ್ ಬೈ 8 ರನ್ಸ್, ಅದನ್ನ ಟೈಪ್ ಮಾಡುವಾಗ ಈಗಲೂ ಹೊಟ್ಟೆ ಉರಿಯುತ್ತೆ, ಗೆದ್ದೇ ಬಿಟ್ವಿ ಅನ್ಕೊಂಡಿದ್ದ ಮ್ಯಾಚದು. 2025ರಲ್ಲಿ ಅಹಮದಾಬಾದಲ್ಲಿ ಪಂಜಾಬ್ ಲಾಸ್ಟ್ ಟು ಆರ್‌ಸಿಬಿ ಬೈ 6 ರನ್ಸ್. ಇಷ್ಟು ವರ್ಷ ಆ ಟು ಪಕ್ಕದಲ್ಲಿ ಬೇರೆಯವರ ಹೆಸರು ಬರ್ದು ಬರ್ದು, ಮೊದಲನೇ ಸಲ ನಮ್ಮ ಹೆಸರು ಬರ್ದಾಗ ಗ್ರಾಮರ್ ಅನ್ನೋದು ಇಷ್ಟು ಸಿಹಿಯಾಗಿರುತ್ತೆ ಅಂತ ಗೊತ್ತಾಯ್ತು.

ಮೆಕ್ಯಾನಿಕ್ ಕೆಲಸ, ಪ್ಲಂಬಿಂಗು, ಮೆಷಿನ್ ಮ್ಯಾನ್ಯುಯಲ್ ಬರೆಯೋರಿಗೆ ಒಂದು ಮಾತು. ನಟ್ ಲೂಸ್ ಮಾಡು ಅಂತ ಕನ್ನಡದಲ್ಲಿ ಹೇಳ್ತೀವಿ, ಅದರ ಇಂಗ್ಲಿಷ್ ಕ್ರಿಯಾಪದ ಲೂಸನ್, ಜೋಡಿ ಓ, ಕೊನೇಲಿ ಎನ್ ಒಂದು ಸೇರುತ್ತೆ. ಟೈಟ್ ಮಾಡು ಅಂದ್ರೆ ಟೈಟನ್ ಆಗುತ್ತಲ್ಲ, ಅದರ ಜೋಡಿ ಇದು. ನಮ್ಮ ಅಪಾರ್ಟ್‌ಮೆಂಟಲ್ಲಿ ಪಂಪ್ ರೂಮ್ ಗೋಡೆ ಮೇಲೆ ಸ್ಟೆಪ್ ಬೈ ಸ್ಟೆಪ್ ಇನ್‌ಸ್ಟ್ರಕ್ಷನ್ ಬರ್ದು ಅಂಟಿಸಿದ್ರು, ಎರಡನೇ ಸ್ಟೆಪ್ಪಲ್ಲಿ ಒಂಟಿ ಓ ಹಾಕಿ ಲೂಜ಼್ ದಿ ನಟ್ ಅಂತಿತ್ತು, ಅಂದ್ರೆ ನಟ್ಟನ್ನ ಕಳೆದ್ಬಿಡಿ ಅಂತ. ವಾಚ್‌ಮನ್ ಇಂಗ್ಲಿಷ್ ಓದದೇ ಇದ್ದಿದ್ದು ಒಳ್ಳೇದೇ ಆಯ್ತು, ನೀರು ಬರ್ತಿದೆ.

ಜೋಡಿ ಓ ಸರಿಯಾಗಿ ಬರೋ ಜಾಗಗಳನ್ನೂ ಒಂದ್ಸಲ ಕಣ್ಣಾಡಿಸಿ, ಇಲ್ಲಾಂದ್ರೆ ನನ್ನ ಥರ ಎಲ್ಲಾ ಕಡೆ ಓ ಕಿತ್ತಾಕೋಕೆ ಶುರು ಮಾಡ್ತೀರ. ಲೂಸ್ ಮೋಷನ್, ಆ ಪಾಠ ಆಯ್ತು. ಪ್ಯಾಕೆಟ್ ಅಲ್ಲದೆ ತೂಕ ಹಾಕಿ ಕೊಡೋ ಲೂಸ್ ಎಣ್ಣೆ, ಲೂಸ್ ಟೀ ಪುಡಿ. ಕೇರ್ ಇಲ್ದೇ ಬಾಯಿಗೆ ಬಂದಂಗೆ ಆಡೋ ಲೂಸ್ ಟಾಕ್. ಜೇಬಲ್ಲಿರೋ ಚಿಲ್ಲರೆ ಲೂಸ್ ಚೇಂಜ್. ಪ್ಲಗ್ಗಲ್ಲಿ ಕಿಡಿ ಹಾರೋ ಲೂಸ್ ಕನೆಕ್ಷನ್, ಸೋಫಾ ಲೂಸ್ ಕವರ್. ಎಲ್ಲಾ ಕಡೆ ಬಿಗಿ ಇಲ್ಲ, ಕಟ್ಟಿಲ್ಲ, ಹಿಡಿತ ಇಲ್ಲ ಅನ್ನೋದೇ ಅರ್ಥ.

ಇಂಗ್ಲಿಷೋರು ತಪ್ಪು ಮಾಡೋಕೆ ಅವರದೇ ಕಾರಣ ಇದೆ ಅಂತ ಶುರೂಲಿ ಅಂದಿದ್ದೆ. ಅವರ ಸ್ಪೆಲಿಂಗೇ ಅವರಿಗೆ ಮೋಸ ಮಾಡುತ್ತೆ. ನೋಸ್, ರೋಸ್, ಹೋಸ್, ಪೋಸ್ ಇವೆಲ್ಲಾ ಒಂಟಿ ಓ, ಎಲ್ಲದರಲ್ಲೂ ಓ ಅಂತಾನೇ ಸದ್ದು, ಆ ಲೆಕ್ಕದಲ್ಲಿ ನಮ್ಮ ಒಂಟಿ ಓ ಪದವನ್ನ ಲೋಜ಼್ ಅನ್ಬೇಕಿತ್ತು, ಅನ್ನಲ್ಲ. ಅತ್ತ ಕಡೆ ಚೂಜ಼್, ಆರಿಸ್ಕೊಳ್ಳೋದು, ಲೂಜ಼್‌ಗೆ ಸರಿಯಾಗಿ ಪ್ರಾಸ ಕೂಡುತ್ತೆ, ಆದ್ರೆ ಅದಕ್ಕೆ ಎರಡು ಓ. ಚೂಜ಼್‌ಗೆ ಎರಡು ಅಂದ್ಮೇಲೆ ಲೂಜ಼್‌ಗೂ ಎರಡಿರ್ಬೇಕು ಅಂತ ಯಾರಿಗಾದ್ರೂ ಅನ್ಸುತ್ತೆ, ಅದು ತಪ್ಪೂ ಅಲ್ಲ, ನ್ಯಾಯವಾಗಿ ಹಂಗೇ ಇರ್ಬೇಕಿತ್ತು. ಇದಕ್ಕೆ ಸರಿಯಾದ ಜೊತೆಗಾರ ಅಂದ್ರೆ ಹೂಜ಼್, ಯಾರದ್ದು ಅಂತ ಕೇಳೋ ಪದ, ಡಬ್ಲ್ಯೂ-ಎಚ್-ಓ-ಎಸ್-ಇ. ಅದಕ್ಕೂ ಒಂದೇ ಓ, ಅದಕ್ಕೂ ಊ ಸದ್ದು, ಅದಕ್ಕೂ ಕೊನೇಲಿ ಜ಼್, ಕೊನೇ ಮೂರಕ್ಷರವೂ ಅವೇ. ಚೂಜ಼್ ಕಡೆ ತಿರುಗಿಯೂ ನೋಡ್ಬೇಡಿ, ಹೂಜ಼್ ಕೈ ಹಿಡ್ಕೊಳ್ಳಿ.

ಇತಿಹಾಸ ಇಷ್ಟ ಇರೋರಿಗೆ ಎರಡು ಸಾಲು. ಒಂಟಿ ಓ ಪದ ಹಳೇ ಇಂಗ್ಲಿಷಿನ ಲೋಸಿಯನ್ ಅನ್ನೋದರಿಂದ ಬಂದಿದ್ದು, ಅದಕ್ಕೆ ಮೊದಲು ನಾಶ ಆಗೋದು ಅಂತ ಅರ್ಥ ಇತ್ತು. ಜೋಡಿ ಓ ಪದ ಸಮುದ್ರ ದಾಟಿ ಬಂದ ನಾರ್ಸ್ ಜನರ ಮಾತಿಂದ ಬಂದಿದ್ದು, ಲೌಸ್ ಅಂತ. ಬೇರೆ ಬೇರೆ ದಾರೀಲಿ ಬಂದ್ರೂ ಮೂಲ ಹುಡುಕಿದ್ರೆ ಎರಡೂ ಒಂದೇ ಮನೆಯವು, ದಾಯಾದಿಗಳು, ಅದಕ್ಕೇ ಇರ್ಬೇಕು ಇಷ್ಟು ಜಗಳ. ಹೋಪ್‌ಲೆಸ್, ಯೂಸ್‌ಲೆಸ್ ಅಂತ ಬೈತೀವಲ್ಲ, ಆ ಕೊನೇ ಲೆಸ್ ಕೂಡ ಇದೇ ವಂಶದ್ದು, ಕಮ್ಮಿ ಅನ್ನೋ ಲೆಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಇಷ್ಟೆಲ್ಲಾ ಗೊತ್ತಾದ್ಮೇಲೆ ನಿಜವಾಗಿ ಕೆಲಸಕ್ಕೆ ಬರೋ ಜಾಗ ಹೇಳ್ತೀನಿ, ಅರ್ಜಿ. ಮಾರ್ಕ್ಸ್ ಕಾರ್ಡ್ ಕಳ್ಕೊಂಡೋರು, ಆರ್‌ಸಿ ಕಳ್ಕೊಂಡೋರು ಅಫಿಡವಿಟ್ಟಲ್ಲೋ ಅರ್ಜೀಲೋ ಇಂಗ್ಲಿಷಲ್ಲಿ ಒಂದು ಸಾಲು ಬರೀಬೇಕಾಗುತ್ತೆ, ಅಲ್ಲಿ ತಡವರಿಸ್ತಾರೆ. ತಾರೀಖು ಹೇಳಲ್ಲ, ಕಳೆದೋಗಿದೆ ಅಂತಷ್ಟೇ ಹೇಳ್ಬೇಕು ಅಂದ್ರೆ ಐ ಹ್ಯಾವ್ ಲಾಸ್ಟ್ ಮೈ ಒರಿಜಿನಲ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ತಾರೀಖು, ಜಾಗ ಸೇರಿಸ್ತೀರ ಅಂದ್ರೆ ಹ್ಯಾವ್ ತೆಗೀರಿ, ಐ ಲಾಸ್ಟ್ ಇಟ್ ಆನ್ 12 ಜೂನ್ ವೈಲ್ ಟ್ರಾವೆಲಿಂಗ್ ಫ್ರಮ್ ತುಮಕೂರು ಟು ಬೆಂಗಳೂರು. ಹ್ಯಾವ್ ಮತ್ತೆ ತಾರೀಖು ಒಂದೇ ವಾಕ್ಯದಲ್ಲಿ ಕೂರಲ್ಲ. ಕಳ್ತನ ಆಗಿದ್ರೆ ಲಾಸ್ಟ್ ಅಂತ ಬರೀಲೇಬೇಡಿ, ಸ್ಟೋಲನ್ ಅಂತ ಬರೀರಿ, ಪೊಲೀಸರಿಗೆ ಅವೆರಡೂ ಬೇರೆ ಬೇರೆ ದಾರಿ, ಕಳೆದೋಗಿದ್ದಕ್ಕೆ ಇ-ಲಾಸ್ಟ್ ಅಂತ ಆನ್‌ಲೈನಲ್ಲೇ ರಿಪೋರ್ಟ್ ಮಾಡೋಕೆ ಕರ್ನಾಟಕ ಪೊಲೀಸರು ವ್ಯವಸ್ಥೆ ಇಟ್ಟಿದ್ದಾರೆ, ಕಳ್ತನಕ್ಕೆ ಕಂಪ್ಲೇಂಟು ಕೊಡ್ಬೇಕು. ಅರ್ಜಿ ಪೂರ್ತಿ ಕನ್ನಡದಲ್ಲಿ ಬರೀಬಹುದಾದ ಕಡೆ ಈ ತಲೆನೋವೇ ಇಲ್ಲ, ಕಳೆದುಕೊಂಡಿರುತ್ತೇನೆ ಅಂತ ಬರ್ದು ಸೈನ್ ಹಾಕಿದ್ರೆ ಮುಗೀತು.

ಕೊನೇದಾಗಿ ಒಂದು ಕೆಲಸ ಮಾಡಿ. ಫೋನಲ್ಲಿ ನೀವು ಕಳ್ಸಿರೋ ಮೆಸೇಜುಗಳಲ್ಲಿ, ಮೇಲಿನ ಸೆಂಟ್ ಬಾಕ್ಸಲ್ಲಿ ಎಲ್-ಓ-ಓ-ಎಸ್ ಅಂತ ಸರ್ಚ್ ಕೊಡಿ, ಅಷ್ಟೇ ನಾಲ್ಕಕ್ಷರ, ಲೂಸ್, ಲೂಸಿಂಗ್, ಲೂಸರ್ ಎಲ್ಲಾ ಒಟ್ಟಿಗೆ ಬರಬಹುದು, ಬರ್ದೇ ಇದ್ರೆ ಒಂದೊಂದು ಪದವನ್ನೂ ಪೂರ್ತಿ ಹೊಡ್ದು ಹುಡ್ಕಿ. ಒಂದೊಂದನ್ನೂ ಸಡಿಲ ಟೆಸ್ಟಿಗೆ ಹಾಕಿ ನೋಡಿ, ಹತ್ತು ಹದಿನೈದು ನೋಡೋಷ್ಟ್ರಲ್ಲಿ ಕೈಗೆ ಬರುತ್ತೆ. ನಾನು ಮಾಡ್ದಾಗ ಹತ್ತೊಂಬತ್ತು ಸಿಕ್ತು. ಹದಿನೆಂಟು ತಪ್ಪು, ಅದ್ರಲ್ಲಿ ಒಂದು ಒಬ್ಬರು ಹುಡುಗಿಗೆ ಐ ಡೋಂಟ್ ವಾಂಟ್ ಟು ಲೂಸ್ ಯು ಅಂತ ಎರಡು ಓ ಹಾಕಿ ಕಳ್ಸಿದ್ದು, ರಿಪ್ಲೈ ಬಂದಿರ್ಲಿಲ್ಲ. ಸರಿ ಇದ್ದಿದ್ದು ಒಂದೇ ಒಂದು, ಟೈಲರಿಗೆ ಕಳ್ಸಿದ್ದು, ಪ್ಯಾಂಟು ಸೊಂಟದಲ್ಲಿ ಲೂಸ್ ಆಗಿದೆ ಅಣ್ಣಾ ಅಂತ.